ನೀತಿವಂತರ ಪ್ರತಿಫಲ

ದೇವರ ಚಿತ್ತವನ್ನರಿತು ನಡೆದವರಿಗೆ ದೇವರೇ ಕೊಡುವ, ಎಂದಿಗೂ ಅಳಿಯದ ಫಲಕ್ಕೆ ಕ್ರೈಸ್ತ ಧರ್ಮದಲ್ಲಿರುವ ಹೆಸರು. ಈ ಲೋಕದಲ್ಲೇ ಮನಸ್ಸಿಗೆ ದೊರೆಯುವ ಸಮಾಧಾನ, ಸತ್ತ ಮೇಲಿನ ದೇವರ ಸಾನ್ನಿಧ್ಯ, ಕಡೆಯ ದಿನದ ಪುನರುತ್ಥಾನ, ಹೊಸ ಆಕಾಶ ಹೊಸ ಭೂಮಿಯಲ್ಲಿನ ನಿತ್ಯಜೀವ ಎಲ್ಲವೂ ಇದರಲ್ಲಿ ಸೇರುತ್ತವೆ. ಬೈಬಲ್ ಇದನ್ನು ಹೇಳಲು ಕೂಲಿ, ಸಂಬಳ, ಬಹುಮಾನ, ಕಿರೀಟ ಎಂಬ ದಿನಬಳಕೆಯ ಮಾತುಗಳನ್ನು ಸಂಕೋಚವಿಲ್ಲದೆ ಬಳಸುತ್ತದೆ. ಅದೇ ಬೈಬಲ್ಲು ಮನುಷ್ಯ ಏನು ಮಾಡಿದರೂ ದೇವರನ್ನು ಸಾಲಗಾರನಾಗಿ ಮಾಡಲಾರ, ನಿತ್ಯಜೀವ ದೇವರು ಬಿಟ್ಟಿಯಾಗಿ ಕೊಡುವ ವರ ಎಂದೂ ಹೇಳುತ್ತದೆ. ಈ ಎರಡು ಮಾತುಗಳನ್ನು ಜೊತೆಗಿಟ್ಟುಕೊಂಡು ಬಾಳುವುದು ಹೇಗೆಂಬ ಪ್ರಶ್ನೆಯೇ ಈ ಸಿದ್ಧಾಂತದ ಎರಡು ಸಾವಿರ ವರ್ಷಗಳ ಚರಿತ್ರೆ. ಪಶ್ಚಿಮದ ಸಭೆ ಒಡೆದದ್ದೂ ಬಹುಮಟ್ಟಿಗೆ ಇದೇ ಪ್ರಶ್ನೆಯ ಮೇಲೆ.

ಪದಗಳ ಹಿನ್ನೆಲೆ

ಹೊಸ ಒಡಂಬಡಿಕೆಯಲ್ಲಿ ಪ್ರತಿಫಲಕ್ಕೆ ಬಳಕೆಯಾಗಿರುವ ಗ್ರೀಕ್ ಪದ ‘ಮಿಸ್ಥೊಸ್’. ಇದು ದೇವಾಲಯದಲ್ಲಿ ಹುಟ್ಟಿದ ಪದವಲ್ಲ, ಹೊಲದಲ್ಲಿ ಹುಟ್ಟಿದ್ದು. ದಿನಗೂಲಿಯವನ ಕೈಗೆ ಸಂಜೆ ಬೀಳುವ ಹಣವೇ ಮಿಸ್ಥೊಸ್. ಪೈರು ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ದೇವರಿಗೆ ಕೇಳುವಂತೆ ಕೂಗುತ್ತದೆಂದು ಯಾಕೋಬನ ಪತ್ರಿಕೆ ಧನಿಕರನ್ನು ಎಚ್ಚರಿಸುವಾಗಲೂ ಇದೇ ಪದ ಬರುತ್ತದೆ. ಹೀಬ್ರೂವಿನಲ್ಲಿ ಇದಕ್ಕೆ ಸಮನಾದದ್ದು ‘ಸಾಖಾರ್’. ಹಳೆಯ ಒಡಂಬಡಿಕೆಯ ಯಾಕೋಬನ ಹೆಂಡತಿ ಲೇಯ ತನ್ನ ಮಗನಿಗೆ ಇಸ್ಸಾಕಾರ ಎಂದು ಹೆಸರಿಟ್ಟದ್ದು ಈ ಪದದ ನೆನಪಿನಲ್ಲೇ. ಬಡವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಟ್ಟುಬಿಡಬೇಕೆಂದು ಧರ್ಮೋಪದೇಶಕಾಂಡ ಆಜ್ಞೆ ಮಾಡುತ್ತದೆ. ಬೈಬಲಿನಲ್ಲಿ ದೇವರು ಪ್ರತಿಫಲ ಕೊಡುವವನೆಂಬ ಮಾತಿನ ಹಿಂದೆ ಈ ಕಟ್ಟಳೆಯ ನೆರಳಿದೆ. ಕೂಲಿ ತಡೆಹಿಡಿಯಬೇಡಿ ಎಂದು ಹೇಳಿದವನು ತಾನು ತಡೆಹಿಡಿಯಲಾರ ಎಂಬ ಭರವಸೆ ಅದು.

‘ನೀತಿ’ ಎಂಬ ಪದಕ್ಕೂ ಒಂದು ವಿವರಣೆ ಬೇಕು. ಇಂದಿನ ಕನ್ನಡದಲ್ಲಿ ನೀತಿ ಎಂದರೆ ಸನ್ನಡತೆ, ಇಲ್ಲವೇ ಸರ್ಕಾರದ ಧೋರಣೆ. ಕನ್ನಡ ಬೈಬಲಿನಲ್ಲಿ ಅದು ಹೀಬ್ರೂವಿನ ‘ತ್ಸೆದಾಖಾ’, ಗ್ರೀಕಿನ ‘ದಿಕಾಯೊಸುನೆ’ ಎಂಬ ಪದಗಳ ಭಾರ ಹೊತ್ತಿದೆ. ದೇವರೊಂದಿಗಿನ ನಂಟು, ನೆರೆಯವರೊಂದಿಗಿನ ನಂಟು ಎರಡೂ ನೆಟ್ಟಗಿರುವುದೇ ಅಲ್ಲಿ ನೀತಿ. ಯೆಹೂದ್ಯರಲ್ಲಿ ತ್ಸೆದಾಖಾ ಎಂಬುದಕ್ಕೆ ಬರಬರುತ್ತ ದಾನಧರ್ಮ ಎಂಬ ಅರ್ಥವೇ ಗಟ್ಟಿಯಾಯಿತು. ನೀತಿವಂತ ಎಂದರೆ ಕಟ್ಟಳೆ ಮುರಿಯದವನು ಎಂದಷ್ಟೇ ತಿಳಿದು ಮುಂದೆ ಓದಿದರೆ ಯೇಸುವಿನ ಸಾಮ್ಯಗಳು ಅರ್ಥವಾಗುವುದಿಲ್ಲ.

ಹಳೆಯ ಒಡಂಬಡಿಕೆ

ಇಸ್ರಾಯೇಲರ ಹಳೆಯ ನಂಬಿಕೆಯಲ್ಲಿ ಪ್ರತಿಫಲವೆಂದರೆ ಕಣ್ಣಿಗೆ ಕಾಣುವ ಸಮೃದ್ಧಿ. ಧರ್ಮೋಪದೇಶಕಾಂಡದ 28ನೆಯ ಅಧ್ಯಾಯ ಆಶೀರ್ವಾದಗಳನ್ನು ಎಣಿಸುವಾಗ ಹೊಲ, ದನಕರು, ಹೊತ್ತಿಗೆ ಸರಿಯಾದ ಮಳೆ ಇವುಗಳ ನಡುವೆ ಪುಟ್ಟಿಯನ್ನೂ ಹಿಟ್ಟು ನಾದುವ ಪಾತ್ರೆಯನ್ನೂ ಮರೆಯುವುದಿಲ್ಲ. ಅಡುಗೆಮನೆಯ ಮೂಲೆಯವರೆಗೂ ಬರುವ ಆಶೀರ್ವಾದ ಅದು. ಆದರೆ ಅದೇ ಅಧ್ಯಾಯದ 68 ವಚನಗಳಲ್ಲಿ ಆಶೀರ್ವಾದಕ್ಕೆ ಸಿಕ್ಕಿರುವುದು ಮೊದಲ 14 ಮಾತ್ರ. ಉಳಿದವೆಲ್ಲ ಮಾತು ಮೀರಿದವರಿಗೆ ಬರುವ ಶಾಪಗಳು. ಒಂದನೆಯ ಕೀರ್ತನೆಯಲ್ಲಿ ನೀತಿವಂತ ನೀರ ಕಾಲುವೆಯ ಬಳಿಯ ಮರ, ಕೆಟ್ಟವನು ಗಾಳಿಗೆ ಹಾರುವ ಹೊಟ್ಟು.

ಲೋಕ ಈ ಲೆಕ್ಕಕ್ಕೆ ಸರಿಯಾಗಿ ನಡೆಯುವುದಿಲ್ಲವೆಂಬುದನ್ನು ಕಂಡು ಗಟ್ಟಿಯಾಗಿ ಹೇಳಿದವರೂ ಬೈಬಲಿನೊಳಗೇ ಇದ್ದಾರೆ. ಆಸಾಫನ ಹೆಸರಿನ 73ನೆಯ ಕೀರ್ತನೆಯ ಕವಿಗೆ ಕೆಟ್ಟವರು ಕೊಬ್ಬಿ ಬಾಳುವುದನ್ನು ನೋಡಿ ಕಾಲು ಜಾರುವಷ್ಟು ಹೊಟ್ಟೆಯುರಿಯಾಗುತ್ತದೆ. ತಾನು ಶುದ್ಧನಾಗಿದ್ದದ್ದೆಲ್ಲ ದಂಡವಾಯಿತೆಂದೇ ಅವನು ದೂರುತ್ತಾನೆ. ಆಲಯದೊಳಕ್ಕೆ ಹೋದ ಮೇಲೆ ಅವನಿಗೆ ಹೊಳೆಯುವುದು ಕೆಟ್ಟವರ ಅಂತ್ಯವಷ್ಟೇ ಅಲ್ಲ. ದೇವರು ತನ್ನ ಬಲಗೈ ಹಿಡಿದಿದ್ದಾನೆ, ಆ ಹತ್ತಿರವೇ ತನ್ನ ಪಾಲು ಎಂಬುದು. ಪ್ರತಿಫಲ ವಸ್ತುವಲ್ಲ, ಕೊಡುವವನೇ ಪ್ರತಿಫಲ ಎಂಬ ವಿಚಾರ ಇಷ್ಟು ಸ್ಪಷ್ಟವಾಗಿ ಬರುವ ಹಳೆಯ ಪುಟ ಇದು. ಮುಂದೆ ಅಗಸ್ಟಿನನಿಂದ ಅಕ್ವಿನಾಸನವರೆಗೆ ಸಭೆಯ ದೊಡ್ಡ ಪಂಡಿತರೆಲ್ಲ ಹೇಳಿದ್ದರ ಬೇರು ಇಲ್ಲಿದೆ.

ಯೋಬನ ಗ್ರಂಥ ಇನ್ನೂ ಕಠಿಣವಾದ ಪ್ರಶ್ನೆಯನ್ನು ಎತ್ತುತ್ತದೆ, ಅದೂ ಸೈತಾನನ ಬಾಯಲ್ಲಿ. ಯೋಬ ದೇವರಿಗೆ ಅಂಜಿ ನಡೆಯುವುದು ಲಾಭವಿಲ್ಲದೆಯೇ? ಕೊಟ್ಟದ್ದನ್ನೆಲ್ಲ ಕಿತ್ತುಕೊಂಡರೂ ಅವನು ದೇವರನ್ನು ಬಿಡುವುದಿಲ್ಲವೆಂದು ತೋರಿಸುವುದಕ್ಕೇ ಇಡೀ ಕಥೆ ನಡೆಯುತ್ತದೆ. ಕೊನೆಯಲ್ಲಿ ಅವನಿಗೆ ಎಲ್ಲವೂ ಎರಡರಷ್ಟಾಗಿ ಮರಳುತ್ತದೆ: 7,000 ಕುರಿಗಳಿದ್ದಲ್ಲಿ 14,000, 3,000 ಒಂಟೆಗಳಿದ್ದಲ್ಲಿ 6,000. ಮಕ್ಕಳು ಮಾತ್ರ ಎರಡರಷ್ಟಲ್ಲ. ಮೊದಲಿನಂತೆಯೇ ಏಳು ಗಂಡು, ಮೂರು ಹೆಣ್ಣು. ಸತ್ತ ಮಕ್ಕಳು ಕಳೆದುಹೋದವರಲ್ಲ, ದೇವರ ಬಳಿ ಇದ್ದಾರೆ, ಆದ್ದರಿಂದ ಒಟ್ಟು ಲೆಕ್ಕ ಎರಡರಷ್ಟೇ ಎಂದು ಕೆಲವು ವ್ಯಾಖ್ಯಾನಕಾರರು ಹೇಳಿದರು. ಮಕ್ಕಳನ್ನು ಮಣ್ಣು ಮಾಡಿದ ಮನೆಗಳಲ್ಲಿ ಆ ವ್ಯಾಖ್ಯಾನ ಸಾಂತ್ವನದ ಮಾತಾಗುತ್ತದೆ.

ಸತ್ತ ಮೇಲಿನ ಪ್ರತಿಫಲದ ನಂಬಿಕೆ ಗಟ್ಟಿಯಾದದ್ದು ಹಿಂಸೆಯ ಕಾಲದಲ್ಲಿ. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಸಿರಿಯಾದ ಅರಸು ನಾಲ್ಕನೆಯ ಅಂತಿಯೋಕ ಯೆಹೂದ್ಯರ ಧರ್ಮಾಚರಣೆಯನ್ನೇ ನಿಷೇಧಿಸಿದಾಗ ಧರ್ಮ ಬಿಡದವರೇ ಸತ್ತರು, ಬಿಟ್ಟವರು ಉಳಿದರು. ಇಹದ ಲೆಕ್ಕ ಪೂರ್ತಿ ತಲೆಕೆಳಗಾಯಿತು. ಮಣ್ಣಿನಲ್ಲಿ ನಿದ್ರಿಸುವವರು ಎಚ್ಚರಗೊಳ್ಳುವರು, ವಿವೇಕಿಗಳು ನಕ್ಷತ್ರಗಳ ಹಾಗೆ ಹೊಳೆಯುವರು ಎಂಬ ದಾನಿಯೇಲನ ದರ್ಶನ ಈ ಸಂಕಟದ ಹಿನ್ನೆಲೆಯದೆಂದು ಬಹುಮಂದಿ ವಿದ್ವಾಂಸರ ಮತ. ಏಳು ಮಂದಿ ಮಕ್ಕಳು ಒಬ್ಬರ ಹಿಂದೊಬ್ಬರು ಸಾಯುವುದನ್ನು ನೋಡುತ್ತ, ಸೃಷ್ಟಿಸಿದವನು ನಿಮ್ಮನ್ನು ಮತ್ತೆ ಕೊಡುತ್ತಾನೆಂದು ಧೈರ್ಯ ಹೇಳುವ ತಾಯಿಯ ಕಥೆ ಮಕ್ಕಾಬಿಯರ ಎರಡನೆಯ ಗ್ರಂಥದಲ್ಲಿದೆ. ಕಥೋಲಿಕರೂ ಆರ್ಥೊಡಾಕ್ಸರೂ ಅದನ್ನು ಬೈಬಲಿನ ಭಾಗವೆಂದು ಒಪ್ಪುತ್ತಾರೆ, ಪ್ರೊಟೆಸ್ಟಂಟರು ಒಪ್ಪುವುದಿಲ್ಲ. ಯೇಸುವಿನ ಕಾಲದ ಹೊತ್ತಿಗೆ ಪುನರುತ್ಥಾನವನ್ನು ನಂಬುವ ಫರಿಸಾಯರು ಒಂದು ಕಡೆ, ನಂಬದ ಸದ್ದುಕಾಯರು ಇನ್ನೊಂದು ಕಡೆ.

ಯೇಸುವಿನ ಬೋಧನೆ

ಯೇಸು ಪ್ರತಿಫಲದ ಮಾತನ್ನು ಕೈಬಿಡಲಿಲ್ಲ. ಶಿಷ್ಯನೆಂಬ ಕಾರಣಕ್ಕೆ ಒಬ್ಬನಿಗೆ ಕೊಟ್ಟ ಒಂದು ಲೋಟ ತಣ್ಣೀರಿಗೂ ಫಲವಿದೆ ಎಂದ. ಆದರೆ ಆ ಮಾತನ್ನು ಬಳಸಿದಾಗಲೆಲ್ಲ ಕೇಳುವವರ ಲೆಕ್ಕವನ್ನು ಒಂದಲ್ಲ ಒಂದು ರೀತಿಯಲ್ಲಿ ತಪ್ಪಿಸಿದ. ಈ ವಿಷಯದಲ್ಲಿ ಅವನ ಬೋಧನೆಯ ಜೀವಾಳ ಇದೇ ಎನ್ನಬೇಕು.

ಮತ್ತಾಯನ ಸುವಾರ್ತೆಯ 5ರಿಂದ 7ನೆಯ ಅಧ್ಯಾಯಗಳ ಪರ್ವತ ಪ್ರಸಂಗದಲ್ಲಿ ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಗುಟ್ಟಾಗಿ ಮಾಡಬೇಕೆಂಬ ಮಾತಿದೆ. ಜನ ನೋಡಲೆಂದು ಮಾಡುವವರು ತಮ್ಮ ಫಲವನ್ನು ಆಗಲೇ ಪಡೆದಾಯಿತು ಎನ್ನುವಾಗ ಬಳಸಿರುವ ಗ್ರೀಕ್ ಕ್ರಿಯಾಪದ ಆ ಕಾಲದ ಈಜಿಪ್ಟಿನ ರಸೀತಿಗಳಲ್ಲಿ ಸಿಗುತ್ತದೆ. ಪಪೈರಸ್ ಹಾಳೆಯ ಮೇಲೂ ಒಡೆದ ಮಡಕೆಯ ಚೂರಿನ ಮೇಲೂ ಹಣ ಸಂದಿದೆ ಎಂದು ಬರೆದು ಕೊಡುತ್ತಿದ್ದ ಪದ ಅದು. ಹೊಗಳಿಕೆ ಕೈಸೇರಿತು, ರಸೀತಿ ಹರಿದಾಯಿತು, ಇನ್ನು ಬಾಕಿ ಏನೂ ಇಲ್ಲ ಎಂಬ ಅರ್ಥ. ಗುಟ್ಟಾಗಿ ಮಾಡಿದ್ದಕ್ಕೆ ರಸೀತಿಯಿಲ್ಲ. ಅಂತರಂಗದಲ್ಲಿ ನೋಡುವ ತಂದೆಯೊಬ್ಬನೇ ಅದಕ್ಕೆ ಸಾಕ್ಷಿ.

ದ್ರಾಕ್ಷಿತೋಟದ ಆಳುಗಳ ಸಾಮ್ಯ ಇನ್ನೂ ತೀಕ್ಷ್ಣವಾದದ್ದು. ಯಜಮಾನ ಬೆಳಗಾಗುತ್ತಲೇ ಪೇಟೆಚೌಕಕ್ಕೆ ಹೋಗಿ ಒಂದು ದೆನಾರಿಯಸ್ ಬೆಳ್ಳಿ ನಾಣ್ಯಕ್ಕೆ ಆಳುಗಳನ್ನು ಗೊತ್ತುಮಾಡುತ್ತಾನೆ. ಅಂದಿನ ಒಂದು ದಿನದ ಕೂಲಿ ಅದು. ಒಂಬತ್ತು ಗಂಟೆಗೆ, ನಡುಹಗಲಿಗೆ, ಮೂರು ಗಂಟೆಗೆ, ಕೊನೆಗೆ ಸಂಜೆ ಐದಕ್ಕೂ ಹೋಗಿ ಇನ್ನಷ್ಟು ಜನರನ್ನು ಕರೆತರುತ್ತಾನೆ. ಯಾಕೆ ಸುಮ್ಮನೆ ನಿಂತಿದ್ದೀರಿ ಎಂದು ಕೇಳಿದರೆ, ನಮ್ಮನ್ನು ಯಾರೂ ಕರೆಯಲಿಲ್ಲ ಎನ್ನುತ್ತಾರೆ ಆ ಕಡೆಯವರು. ಕೂಲಿ ಹಂಚುವಾಗ ಕಡೆಯವರಿಂದ ಮೊದಲು ಮಾಡಿ ಎಲ್ಲರಿಗೂ ಒಂದೊಂದು ನಾಣ್ಯ. ಬಿಸಿಲಿನಲ್ಲಿ ಬೆಂದವರು ಗೊಣಗುತ್ತಾರೆ. ಕೂಲಿನಾಲಿ ಮಾಡಿ ಬದುಕುವವರ ಬೀದಿಯಲ್ಲಿ ನಿಂತು ಓದಿದರೆ ಕಥೆಯ ಒಳಗು ತಾನೇ ತಿಳಿಯುತ್ತದೆ. ಅರ್ಧ ದಿನದ ಕೂಲಿಯಿಂದ ಮನೆಯಲ್ಲಿ ಅರ್ಧ ಹೊಟ್ಟೆ ತುಂಬುತ್ತದೆ, ಒಂದು ತಾಸಿನ ಕೂಲಿಯಿಂದ ಏನೂ ಆಗದು. ಯಜಮಾನ ದುಡಿಮೆಯನ್ನು ಅಳೆಯಲಿಲ್ಲ, ಹಸಿವನ್ನು ನೋಡಿದ.

ತಲಾಂತುಗಳ ಸಾಮ್ಯದಲ್ಲಿ ಐದು ತಲಾಂತುಗಳಿಂದ ಐದನ್ನು ಗಳಿಸಿದವನಿಗೂ ಎರಡರಿಂದ ಎರಡನ್ನು ಗಳಿಸಿದವನಿಗೂ ಧಣಿ ಹೇಳುವ ಮಾತು ಅಕ್ಷರಶಃ ಒಂದೇ. ಹಳೆಯ ಕನ್ನಡ ಬೈಬಲಿನಲ್ಲಿ ಆ ಮಾತು ‘ಭಲಾ’ ಎಂದು ಆರಂಭವಾಗುತ್ತದೆ. ಕುಸ್ತಿಯ ಅಖಾಡದ, ಯಕ್ಷಗಾನದ ರಂಗದ ಆ ಮೆಚ್ಚುಗೆಯ ಉದ್ಗಾರವನ್ನು ದೇವರ ಬಾಯಿಗೆ ತಂದ ಅನುವಾದಕರ ಕಿವಿ ದೊಡ್ಡದು. ಆದರೆ ಲೂಕನ ಸುವಾರ್ತೆಯ ಹೋಲುವ ಸಾಮ್ಯದಲ್ಲಿ ಎಲ್ಲರಿಗೂ ಸಿಕ್ಕ ಮೊಬಲಗು ಒಂದೇ, ಪ್ರತಿಫಲ ಮಾತ್ರ ಬೇರೆ: ಒಬ್ಬನಿಗೆ ಹತ್ತು ಊರುಗಳ ಅಧಿಕಾರ, ಇನ್ನೊಬ್ಬನಿಗೆ ಐದು. ಎರಡು ಕಥೆಗಳಲ್ಲೂ ದುಡಿದವನಿಗೆ ಸಿಗುವುದು ವಿಶ್ರಾಂತಿಯಲ್ಲ, ಇನ್ನಷ್ಟು ಹೊಣೆ. ತಲಾಂತು ಆ ಕಾಲದ ಒಬ್ಬ ಕೂಲಿಯವನು ಇಪ್ಪತ್ತು ವರ್ಷ ದುಡಿಯಬೇಕಾದಷ್ಟು ಹಣ. ಆದರೂ ಧಣಿ ಅದನ್ನು ಸ್ವಲ್ಪ ಎಂದೇ ಕರೆಯುತ್ತಾನೆ.

ಮತ್ತಾಯ 25ರ ಕೊನೆಯಲ್ಲಿ ಬರುವ ಅಂತಿಮ ನ್ಯಾಯತೀರ್ಪಿನ ಚಿತ್ರ ಕ್ರೈಸ್ತ ಲೋಕದ ಮೇಲೆ ಬೀರಿದಷ್ಟು ಪ್ರಭಾವವನ್ನು ಬೇರೆ ಯಾವ ಪುಟವೂ ಬೀರಿಲ್ಲವೆಂದರೆ ಹೆಚ್ಚಲ್ಲ. ಅಲ್ಲಿ ಅರಸನು ಕೇಳುವುದು ಆರು ಸಂಗತಿಗಳನ್ನು: ಹಸಿದವನಿಗೆ ಊಟ, ಬಾಯಾರಿದವನಿಗೆ ನೀರು, ಪರದೇಶಿಗೆ ಆಶ್ರಯ, ಬಟ್ಟೆಯಿಲ್ಲದವನಿಗೆ ಬಟ್ಟೆ, ರೋಗಿಯ ಆರೈಕೆ, ಸೆರೆಯಲ್ಲಿದ್ದವನ ಭೇಟಿ. ಇವನ್ನು ಮಾಡಿದವರು ಅರಸನಿಗೇ ಮಾಡಿದರಂತೆ. ನೀತಿವಂತರಿಗೆ ಅದು ಗೊತ್ತೇ ಇರುವುದಿಲ್ಲ, ಯಾವಾಗ ಮಾಡಿದೆವು ಎಂದು ಅವರು ಬೆರಗಿನಿಂದ ಕೇಳುತ್ತಾರೆ. ಪ್ರತಿಫಲದ ಮೇಲೆ ಕಣ್ಣಿಟ್ಟು ಮಾಡಿದವರಾಗಿದ್ದರೆ ಈ ಬೆರಗು ಸಾಧ್ಯವಿರಲಿಲ್ಲ. ನಾಲ್ಕನೆಯ ಶತಮಾನದ ರೋಮನ್ ಸೈನಿಕ ಮಾರ್ಟಿನ್, ಚಳಿಗಾಲದಲ್ಲಿ ಅಮಿಯಾ ಪಟ್ಟಣದ ಬಾಗಿಲಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನು ಕತ್ತಿಯಿಂದ ಎರಡು ಮಾಡಿ ಅರ್ಧ ಕೊಟ್ಟನೆಂದೂ, ಆ ರಾತ್ರಿ ಕನಸಿನಲ್ಲಿ ಕ್ರಿಸ್ತನು ಅದೇ ಅರ್ಧವನ್ನು ಹೊದ್ದು ಕಾಣಿಸಿಕೊಂಡನೆಂದೂ ಅವನ ಚರಿತ್ರೆ ಬರೆದ ಸುಲ್ಪೀಸಿಯಸ್ ಸೆವೆರಸ್ ಹೇಳುತ್ತಾನೆ. ಮಾರ್ಟಿನ್‌ಗೆ ಆಗಿನ್ನೂ ದೀಕ್ಷಾಸ್ನಾನವೂ ಆಗಿರಲಿಲ್ಲ. ಅದೇ ಶತಮಾನದಲ್ಲಿ ಕೈಸರೈಯದ ಬಿಷಪ್ ಬೆಸಿಲ್ ಊರ ಹೊರಗೆ ರೋಗಿಗಳಿಗೂ ಬಡವರಿಗೂ ಕುಷ್ಠರೋಗಿಗಳಿಗೂ ದೊಡ್ಡ ಆಶ್ರಯ ಕಟ್ಟಿಸಿದ. ಕೋಲ್ಕತ್ತದ ಮದರ್ ತೆರೇಸಾ ತಮ್ಮ ಕೆಲಸಕ್ಕೆ ಕಾರಣ ಹೇಳುವಾಗಲೆಲ್ಲ ಮರಳುತ್ತಿದ್ದದ್ದು ಇದೇ ಪುಟಕ್ಕೆ.

ಲೂಕನ 15ನೆಯ ಅಧ್ಯಾಯದ ಸಾಮ್ಯದಲ್ಲಿ ಮನೆ ಬಿಟ್ಟುಹೋಗಿದ್ದ ಕಿರಿಮಗ ಹಂದಿಗಳ ನಡುವಿನಿಂದ ಎದ್ದು ಮನೆಗೆ ಹೊರಡುವಾಗ ಒಂದು ಮಾತನ್ನು ಬಾಯಿಪಾಠ ಮಾಡಿಕೊಳ್ಳುತ್ತಾನೆ: ನಾನು ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳುಗಳಲ್ಲಿ ಒಬ್ಬನಂತೆ ಇಟ್ಟುಕೋ. ಮನೆ ತಲುಪಿದಾಗ ತಂದೆ ಮೊದಲರ್ಧವನ್ನಷ್ಟೇ ಹೇಳಲು ಬಿಡುತ್ತಾನೆ. ಕೂಲಿಯಾಳಿನ ಮಾತು ಬಾಯಿಂದ ಹೊರಡುವುದರೊಳಗೆ ಒಳ್ಳೆಯ ನಿಲುವಂಗಿ, ಉಂಗುರ, ಜೋಡು ಬಂದಾಗಿರುತ್ತದೆ. ಕೂಲಿಯ ಲೆಕ್ಕದಲ್ಲೇ ಉಳಿದವನು ಹಿರಿಯ ಮಗ. ಇಷ್ಟು ವರ್ಷ ದುಡಿದರೂ ನನಗೊಂದು ಆಡಿನ ಮರಿಯನ್ನೂ ಕೊಡಲಿಲ್ಲವಲ್ಲ ಎಂಬುದು ಅವನ ದೂರು. ನನ್ನದೆಲ್ಲ ನಿನ್ನದೇ ಎನ್ನುತ್ತಾನೆ ತಂದೆ. ಹಿರಿಯವನು ಒಳಗೆ ಹೋದನೋ ಇಲ್ಲವೋ ಕಥೆ ತಿಳಿಸುವುದಿಲ್ಲ.

ಪೌಲ ಮತ್ತು ಕಿರೀಟ

ಪೌಲನು ಕೂಲಿಯ ಮಾತನ್ನು ಪಾಪಕ್ಕೆ ಮೀಸಲಿಟ್ಟಂತೆ ತೋರುತ್ತದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದ ಕೊನೆಯಲ್ಲಿ ಪಾಪ ಕೊಡುವ ಸಂಬಳ ಮರಣ, ದೇವರು ಕೊಡುವ ವರ ನಿತ್ಯಜೀವ ಎಂದು ಅವನು ಬೇರ್ಪಡಿಸುತ್ತಾನೆ. ಸಂಬಳಕ್ಕೆ ಅವನು ಆರಿಸಿದ ಪದ ಸಿಪಾಯಿಗೆ ಅಳೆದು ಕೊಡುವ ಪಡಿಯನ್ನು ನೆನಪಿಸುವಂಥದು. ಆದರೂ ಕೊರಿಂಥದವರಿಗೆ ಬರೆಯುವಾಗ ಪ್ರತಿಯೊಬ್ಬನಿಗೂ ಅವನವನ ಕೆಲಸಕ್ಕೆ ತಕ್ಕ ಕೂಲಿ ಉಂಟೆನ್ನಲು ಹಿಂಜರಿಯುವುದಿಲ್ಲ. ಕ್ರಿಸ್ತನೆಂಬ ಅಸ್ತಿವಾರದ ಮೇಲೆ ಒಬ್ಬ ಚಿನ್ನ ಬೆಳ್ಳಿಗಳಿಂದ ಕಟ್ಟಬಹುದು, ಇನ್ನೊಬ್ಬ ಕಟ್ಟಿಗೆ ಹುಲ್ಲು ಆಪುಗಳಿಂದ. ಬೆಂಕಿ ಎರಡನ್ನೂ ಪರೀಕ್ಷಿಸುತ್ತದೆ. ಹುಲ್ಲು ಉರಿದುಹೋದರೂ ಕಟ್ಟಿದವನು ಬೆಂಕಿಯೊಳಗಿಂದ ಪಾರಾದವನ ಹಾಗೆ ಉಳಿಯುತ್ತಾನೆ. ಸಾವಿನ ನಂತರದ ಶುದ್ಧೀಕರಣಕ್ಕೆ ಕಥೋಲಿಕರು ಈ ವಾಕ್ಯವನ್ನು ಆಧಾರವಾಗಿ ತೋರಿಸುತ್ತಾರೆ. ಪ್ರೊಟೆಸ್ಟಂಟರು ಇದನ್ನು ಬೋಧಕರ ಕೆಲಸದ ಪರೀಕ್ಷೆಯೆಂದು ಓದುತ್ತಾರೆ.

ಕಿರೀಟದ ಹೋಲಿಕೆಗೂ ಕೊರಿಂಥವೇ ಹಿನ್ನೆಲೆ. ಊರಿಗೆ ಹತ್ತಿರದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯಾದ ಕ್ರೀಡಾಕೂಟ ನಡೆಯುತ್ತಿತ್ತು. ಗೆದ್ದವನ ತಲೆಗೆ ಇಡುತ್ತಿದ್ದದ್ದು ಚಿನ್ನವಲ್ಲ, ಸೊಪ್ಪಿನ ಕಿರೀಟ. ಪೈನ್ ಮರದ ಸೊಪ್ಪೂ ಕಾಡು ಸೆಲರಿಯ ಸೊಪ್ಪೂ ಬೇರೆಬೇರೆ ಕಾಲಗಳಲ್ಲಿ ಬಳಕೆಯಲ್ಲಿದ್ದವು. ಅವರು ಬಾಡಿಹೋಗುವ ಕಿರೀಟಕ್ಕಾಗಿ ಅಷ್ಟು ಪಥ್ಯ ಮಾಡುತ್ತಾರೆ, ನಾವು ಬಾಡದ ಕಿರೀಟಕ್ಕಾಗಿ ಓಡುತ್ತೇವೆ ಎಂದು ಪೌಲ ಬರೆದಾಗ ಓದುವವರ ಕಣ್ಣ ಮುಂದೆ ಆ ಸೊಪ್ಪೇ ಇತ್ತು. ಗ್ರೀಕಿನಲ್ಲಿ ಇದು ‘ಸ್ತೆಫಾನೊಸ್’, ಗೆದ್ದವನ ಮಾಲೆ. ಅರಸನ ಕಿರೀಟಕ್ಕೆ ‘ದಿಯಾದೆಮಾ’ ಎಂಬ ಬೇರೆ ಪದವಿದೆ. ಕನ್ನಡದ ಕೆಲವು ಅನುವಾದಗಳು ಜಯಮಾಲೆ ಎಂದದ್ದು ಇದಕ್ಕೇ, ಅದು ಹೆಚ್ಚು ಸರಿಯಾದ ಮಾತು. ನೀತಿಯ ಕಿರೀಟ, ಜೀವದ ಕಿರೀಟ, ಮಹಿಮೆಯ ಕಿರೀಟ ಎಂದು ಹೊಸ ಒಡಂಬಡಿಕೆಯ ಬೇರೆಬೇರೆ ಪತ್ರಿಕೆಗಳು ಹೇಳುವುದನ್ನು ಕೆಲವು ಬೋಧಕರು ಐದು ಬಗೆಯ ಪದಕಗಳಂತೆ ವಿಂಗಡಿಸುತ್ತಾರೆ. ಮೂಲದಲ್ಲಿ ಅಂಥ ಪಟ್ಟಿಯಿಲ್ಲ. ಪ್ರಕಟನೆ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ ಇಪ್ಪತ್ತನಾಲ್ಕು ಮಂದಿ ಹಿರಿಯರು ತಮ್ಮ ಕಿರೀಟಗಳನ್ನು ಸಿಂಹಾಸನದ ಮುಂದೆ ಇಟ್ಟುಬಿಡುತ್ತಾರೆ.

ಇಬ್ರಿಯರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯವನ್ನು ಇಲ್ಲಿ ಮರೆಯುವಂತಿಲ್ಲ. ದೇವರು ತನ್ನನ್ನು ಹುಡುಕುವವರಿಗೆ ಪ್ರತಿಫಲ ಕೊಡುತ್ತಾನೆಂಬ ಮಾತಿನೊಂದಿಗೆ ಹೇಬೆಲನಿಂದ ಮೊದಲುಗೊಂಡು ನಂಬಿಕೆಯ ಹಿರಿಯರನ್ನೆಲ್ಲ ಅದು ನೆನೆಯುತ್ತದೆ. ಕೊನೆಗೆ, ಇವರಾರೂ ವಾಗ್ದಾನ ಮಾಡಿದ್ದನ್ನು ಬದುಕಿನಲ್ಲಿ ಪಡೆಯಲಿಲ್ಲ, ದೂರದಿಂದ ನೋಡಿ ಕೈಬೀಸಿದರು ಎನ್ನುತ್ತದೆ.

ಹುತಾತ್ಮರು

203ರ ಮಾರ್ಚ್ 7ರಂದು ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಪೆರ್ಪೆತುವಾ ಎಂಬ ಇಪ್ಪತ್ತೆರಡರ ಹರೆಯದ ತಾಯಿಯನ್ನು ಕಾಡುಮೃಗಗಳ ಮುಂದೆ ಬಿಟ್ಟು ಕೊಂದರು. ಸೆರೆಮನೆಯಲ್ಲಿ ಎಳೆಗೂಸಿಗೆ ಹಾಲೂಡಿಸುತ್ತ ಅವಳು ಬರೆದಿಟ್ಟ ದಿನಗಳ ಕಥೆ ಉಳಿದುಬಂದಿದೆ. ಒಂದು ರಾತ್ರಿ ಅವಳು ಕಂಡ ದರ್ಶನದಲ್ಲಿ ಆಕಾಶದವರೆಗೆ ಚಾಚಿದ ಇಕ್ಕಟ್ಟಾದ ಕಂಚಿನ ಏಣಿ. ಅಕ್ಕಪಕ್ಕಕ್ಕೆ ಕತ್ತಿ, ಈಟಿ, ಕೊಕ್ಕೆಗಳು. ಅಡಿಯಲ್ಲಿ ಮಲಗಿದ್ದ ಘಟಸರ್ಪದ ತಲೆಯನ್ನೇ ಮೊದಲ ಮೆಟ್ಟಿಲು ಮಾಡಿಕೊಂಡು ಅವಳು ಹತ್ತುತ್ತಾಳೆ. ಮೇಲೆ ದೊಡ್ಡ ತೋಟ, ಕುರುಬನ ಉಡುಪಿನ ನರೆತ ತಲೆಯ ಹಿರಿಯನೊಬ್ಬ ಕುರಿಗಳ ಹಾಲು ಕರೆಯುತ್ತಿದ್ದಾನೆ. ಬಾ ಮಗುವೇ ಎಂದು ಕರೆದು ಹಾಲಿನ ಗಿಣ್ಣದಂಥದೊಂದು ತುತ್ತು ಕೊಡುತ್ತಾನೆ. ಅವಳು ಬೊಗಸೆಯೊಡ್ಡಿ ತಿನ್ನುತ್ತಾಳೆ. ಎಚ್ಚರವಾದಾಗ ಬಾಯಲ್ಲಿ ಸಿಹಿ ಇನ್ನೂ ಉಳಿದಿರುತ್ತದೆ. ತನಗೆ ಬಿಡುಗಡೆಯಿಲ್ಲ, ಸಾವೇ ಎಂದು ಅವಳಿಗೆ ಆಗ ಗೊತ್ತಾಗುತ್ತದೆ.

ಕ್ರೈಸ್ತರು ಹೂಳುವ ಜಾಗಕ್ಕೆ ‘ಕೊಯಿಮೆತೆರಿಯೊನ್’, ಅಂದರೆ ಮಲಗುವ ಮನೆ ಎಂದು ಹೆಸರಾದದ್ದು ಈ ಮೊದಲ ಶತಮಾನಗಳಲ್ಲಿ. ಹುತಾತ್ಮರು ಸತ್ತ ದಿನವನ್ನು ಅವರ ಹುಟ್ಟುಹಬ್ಬವೆಂದೇ ಆಚರಿಸುತ್ತಿದ್ದರು.

ಗಳಿಕೆಯೋ, ಕೃಪೆಯೋ

ಮನುಷ್ಯ ತನ್ನ ಇಚ್ಛಾಬಲದಿಂದಲೇ ಒಳ್ಳೆಯವನಾಗಬಲ್ಲನೆಂದು ಪೆಲೇಜಿಯಸ್ ಎಂಬವನು ಬೋಧಿಸಿದಾಗ ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟಿನ್ ಎದುರು ನಿಂತ. ದೇವರು ನಮ್ಮ ಒಳ್ಳೆಯತನಕ್ಕೆ ಕಿರೀಟ ಇಡುವಾಗ ತಾನೇ ಕೊಟ್ಟ ವರಗಳಿಗೆ ಕಿರೀಟ ಇಡುತ್ತಾನೆ ಎಂಬುದು ಅವನ ನಿಲುವು. ಹಬ್ಬದ ದಿನ ಅಪ್ಪನಿಂದಲೇ ಕಾಸು ಪಡೆದು ಅಪ್ಪನಿಗೇ ಉಡುಗೊರೆ ತರುವ ಮಗುವನ್ನು ನೆನೆದರೆ ಈ ಮಾತು ಅರ್ಥವಾಗುತ್ತದೆ. ಅಪ್ಪನ ಸಂತೋಷವೇನೂ ಸುಳ್ಳಲ್ಲ. 418ರ ಕಾರ್ಥೇಜ್ ಸಭೆ ಪೆಲೇಜಿಯಸನ ಬೋಧನೆಯನ್ನು ತಳ್ಳಿಹಾಕಿತು.

ಮಧ್ಯಯುಗದ ಪಂಡಿತರು ಗಳಿಕೆಯನ್ನು ಬಿಡಿಬಿಡಿಸಿ ವಿಚಾರ ಮಾಡಿದರು. ತೋಮಸ್ ಅಕ್ವಿನಾಸ್ (1225–1274) ಹೇಳಿದ್ದಿಷ್ಟು: ದೇವರಿಗೂ ಮನುಷ್ಯನಿಗೂ ನಡುವೆ ಸಮಾನರ ನಡುವಿನ ಲೇವಾದೇವಿ ಇಲ್ಲ, ಆದರೆ ದೇವರು ತಾನೇ ಮಾತು ಕೊಟ್ಟು ತನ್ನ ಆತ್ಮವನ್ನು ಒಳಗಿಟ್ಟಿರುವುದರಿಂದ ಆ ಆತ್ಮದ ಬಲದಲ್ಲಿ ಮಾಡಿದ್ದಕ್ಕೆ ನಿಜವಾದ ಫಲ ಉಂಟು. ಆ ಫಲ ದೇವರನ್ನು ಮುಖಾಮುಖಿ ಕಾಣುವುದೇ. ನೇಪಲ್ಸಿನಲ್ಲಿ ಶಿಲುಬೆಯ ಮುಂದೆ ಪ್ರಾರ್ಥಿಸುತ್ತಿದ್ದಾಗ, ನನ್ನ ವಿಷಯ ಚೆನ್ನಾಗಿ ಬರೆದೆ, ಏನು ಬೇಕು ಎಂದು ಕ್ರಿಸ್ತ ಕೇಳಿದನೆಂದೂ, ನೀನೇ ಬೇಕು, ಬೇರೇನೂ ಬೇಡ ಎಂದು ತೋಮಸ್ ಉತ್ತರಿಸಿದನೆಂದೂ ಐತಿಹ್ಯವಿದೆ. ಈ ದರ್ಶನ ಸತ್ತ ಕೂಡಲೇ ದೊರೆಯುವುದೋ ಕಡೆಯ ದಿನದವರೆಗೆ ಕಾಯಬೇಕೋ ಎಂಬ ವಿವಾದವನ್ನು ಪೋಪ್ 12ನೆಯ ಬೆನೆಡಿಕ್ಟ್ 1336ರಲ್ಲಿ ಮುಗಿಸಿದ: ಶುದ್ಧರಾದ ಆತ್ಮಗಳು ಕಾಯಬೇಕಿಲ್ಲ.

ಪಂಡಿತರ ಸೂಕ್ಷ್ಮ ಸಂತೆಗೆ ತಲುಪಲಿಲ್ಲ. ಶಿಕ್ಷೆಯನ್ನು ಕಡಿಮೆ ಮಾಡುವ ಪತ್ರಗಳು ಹಣಕ್ಕೆ ಸಿಗತೊಡಗಿದಾಗ, ಜರ್ಮನಿಯ ವಿಟೆನ್‌ಬರ್ಗಿನ ಪ್ರಾಧ್ಯಾಪಕ ಸನ್ಯಾಸಿ ಮಾರ್ಟಿನ್ ಲೂಥರ್ 1517ರ ಅಕ್ಟೋಬರ್ 31ರಂದು 95 ವಾದಸೂತ್ರಗಳನ್ನು ಹೊರಡಿಸಿದ. ಮನುಷ್ಯ ದೇವರ ಮುಂದೆ ನೀತಿವಂತನೆನಿಸುವುದು ನಂಬಿಕೆಯಿಂದ ಮಾತ್ರ, ಒಳ್ಳೆಯ ಕೆಲಸ ಅದರ ಹಣ್ಣೇ ಹೊರತು ಬೆಲೆಯಲ್ಲ ಎಂಬುದು ಅವನ ಬೋಧನೆ. ಹಾಗೆಂದು ಲೂಥರನ್ನರು ಪ್ರತಿಫಲವನ್ನು ಅಲ್ಲಗಳೆಯಲಿಲ್ಲ. ಆಗ್ಸ್‌ಬರ್ಗ್ ನಂಬಿಕೆಪತ್ರದ ಸಮರ್ಥನೆಯಲ್ಲಿ ಲೂಥರನ ಸಂಗಡಿಗ ಮೆಲಾಂಕ್ಥನ್, ಒಳ್ಳೆಯ ಕೆಲಸ ಪಾಪಕ್ಷಮೆಯನ್ನು ಕೊಳ್ಳುವುದಿಲ್ಲ, ಆದರೆ ಅದಕ್ಕೆ ದೇವರ ಬೇರೆ ಫಲಗಳು ಉಂಟು ಎಂದು ಒಪ್ಪಿದ. ಜಾನ್ ಕ್ಯಾಲ್ವಿನ್ ತನ್ನ ಮಹಾಗ್ರಂಥದ ಮೂರನೆಯ ಭಾಗದಲ್ಲಿ, ಇದು ಆಳಿನ ಕೂಲಿಯಲ್ಲ, ಮಕ್ಕಳ ಬಾಧ್ಯತೆ ಎಂದ. ಮನೆ ಮಗನಿಗೆ ಬರುವ ಹೊಲ ಅವನು ಅದರಲ್ಲಿ ದುಡಿದದ್ದಕ್ಕೆ ಬರುವುದಲ್ಲ, ಆದರೂ ಅವನು ಅದರಲ್ಲಿ ದುಡಿಯುತ್ತಾನೆ. ಕಥೋಲಿಕ ಸಭೆಯ ಉತ್ತರ ಟ್ರೆಂಟ್ ಮಹಾಸಭೆಯ ಆರನೆಯ ಅಧಿವೇಶನದಲ್ಲಿ, 1547ರ ಜನವರಿಯಲ್ಲಿ ಬಂತು. ನಿತ್ಯಜೀವ ಕೃಪೆಯೂ ಹೌದು, ಪ್ರತಿಫಲವೂ ಹೌದು ಎಂದು ಅದು ಸಾರಿತು.

ಇಬ್ಬರೂ ತಮ್ಮ ಮಾತಿಗೆ ಅಗಸ್ಟಿನನನ್ನೇ ಕರೆತಂದರು. 452 ವರ್ಷಗಳ ನಂತರ, 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಕಥೋಲಿಕರೂ ಲೂಥರನ್ನರೂ ನೀತಿನಿರ್ಣಯದ ಸಿದ್ಧಾಂತದ ಬಗ್ಗೆ ಜಂಟಿ ಘೋಷಣೆಗೆ ಸಹಿ ಹಾಕಿದರು. ಕಥೋಲಿಕರು ಗಳಿಕೆಯೆಂದಾಗ ಹೊಣೆಗಾರಿಕೆಯನ್ನು ಒತ್ತಿ ಹೇಳುತ್ತಾರೆ, ಲೂಥರನ್ನರು ಪ್ರತಿಫಲವೆಂದಾಗ ದೇವರ ವಾಗ್ದಾನ ಈಡೇರುವುದನ್ನು ಹೇಳುತ್ತಾರೆ ಎಂದು ಅದು ಒಪ್ಪಿತು. 2006ರಲ್ಲಿ ಮೆಥಡಿಸ್ಟರೂ 2017ರಲ್ಲಿ ರಿಫಾರ್ಮ್ಡ್ ಸಭೆಗಳೂ ಕೂಡಿಕೊಂಡವು. ಎಲ್ಲ ಭಿನ್ನಮತ ತೀರಿತೆಂದಲ್ಲ. ಆದರೆ ಒಬ್ಬರನ್ನೊಬ್ಬರು ಈ ಕಾರಣಕ್ಕೆ ಶಪಿಸುವುದು ನಿಂತಿತು, ಅದು ಸಣ್ಣ ಸಂಗತಿಯಲ್ಲ.

ಸ್ವರ್ಗದಲ್ಲಿ ಹೆಚ್ಚುಕಡಿಮೆ

ನಾಲ್ಕನೆಯ ಶತಮಾನದ ಕೊನೆಯಲ್ಲಿ ಜೊವಿನಿಯನ್ ಎಂಬ ಸನ್ಯಾಸಿ ಎಲ್ಲರಿಗೂ ಒಂದೇ ಪ್ರತಿಫಲವೆಂದ, ಜೆರೋಮ್ ಅದನ್ನು ಖಂಡಿಸಿ ಉಗ್ರವಾಗಿ ಬರೆದ. 1439ರ ಫ್ಲಾರೆನ್ಸ್ ಮಹಾಸಭೆ, ಗಳಿಕೆಗೆ ತಕ್ಕಂತೆ ಒಬ್ಬರಿಗಿಂತ ಒಬ್ಬರು ದೇವರನ್ನು ಹೆಚ್ಚು ಪೂರ್ಣವಾಗಿ ಕಾಣುತ್ತಾರೆಂದು ಹೇಳಿತು. ಹಾಗಿದ್ದರೆ ಕಡಿಮೆ ಪಡೆದವರಿಗೆ ಕೊರಗಿಲ್ಲವೆ? ದಾಂತೆ ತನ್ನ ಮಹಾಕಾವ್ಯದಲ್ಲಿ ಇದನ್ನು ಸ್ವರ್ಗದ ಅತ್ಯಂತ ಕೆಳಗಿನ ಚಂದ್ರಮಂಡಲದಲ್ಲಿರುವ ಪಿಕ್ಕಾರ್ದಾಳನ್ನೇ ಕೇಳುತ್ತಾನೆ. ಅವಳು ನಸುನಗುತ್ತ, ದೇವರ ಇಚ್ಛೆಗಿಂತ ಹೆಚ್ಚಿನದನ್ನು ಬಯಸಿದರೆ ಪ್ರೀತಿಯೇ ಒಡೆದುಹೋಗುತ್ತದಲ್ಲ ಎಂಬ ಅರ್ಥದಲ್ಲಿ ಉತ್ತರಿಸುತ್ತಾಳೆ.

ಫ್ರಾನ್ಸಿನ ಲಿಸಿಯೋದ ತೆರೇಸಾ (1873–1897) ಇದೇ ಪ್ರಶ್ನೆಯನ್ನು ಚಿಕ್ಕಂದಿನಲ್ಲಿ ಅಕ್ಕ ಪೌಲೀನಳ ಮುಂದೆ ಇಟ್ಟಿದ್ದಳು. ಅಕ್ಕ ಅಪ್ಪನ ದೊಡ್ಡ ಲೋಟವನ್ನು ತರಿಸಿ, ಪಕ್ಕದಲ್ಲಿ ಹೊಲಿಯುವಾಗ ಬೆರಳಿಗೆ ಹಾಕುವ ಪುಟ್ಟ ಲೋಹದ ಟೊಪ್ಪಿಗೆಯನ್ನು ಇಟ್ಟು, ಎರಡರ ತುಂಬ ನೀರು ಸುರಿದು, ಯಾವುದು ಹೆಚ್ಚು ತುಂಬಿದೆ ಎಂದಳು. ಮಗುವಿಗೆ ಅಷ್ಟು ಸಾಕಾಯಿತು. ಮುಂದೆ ಸನ್ಯಾಸಿನಿಯಾದ ಅದೇ ತೆರೇಸಾ 1895ರಲ್ಲಿ ದೇವರಿಗೆ ತನ್ನನ್ನು ಒಪ್ಪಿಸಿಕೊಂಡು ಬರೆದ ಪ್ರಾರ್ಥನೆಯಲ್ಲಿ, ಬಾಳಿನ ಸಂಜೆ ಬರಿಗೈಯಲ್ಲಿ ನಿನ್ನ ಮುಂದೆ ನಿಲ್ಲುತ್ತೇನೆ, ನನ್ನ ಕೆಲಸಗಳನ್ನು ಲೆಕ್ಕ ಹಾಕಬೇಡ ಎಂದು ಬೇಡಿದಳು. ಟ್ರೆಂಟ್ ಮಹಾಸಭೆ ನಡೆಸಿದ ಕಥೋಲಿಕ ಸಭೆಯೇ ಅವಳನ್ನು 1997ರಲ್ಲಿ ಧರ್ಮಪಂಡಿತೆಯೆಂದು ಸಾರಿತು.

ಪೂರ್ವದ ಸಭೆಗಳು

ಆರ್ಥೊಡಾಕ್ಸ್ ಸಭೆಗಳಲ್ಲಿ ಗಳಿಕೆಯ ವಾದ ಈ ರೀತಿಯಲ್ಲಿ ಬೆಳೆಯಲೇ ಇಲ್ಲ. ಅಲ್ಲಿನ ಮುಖ್ಯ ಮಾತು ‘ಥಿಯೋಸಿಸ್’, ದೇವರ ಬಾಳಿನಲ್ಲಿ ಪಾಲುಗೊಂಡು ಅವನ ಹಾಗೆ ಆಗುತ್ತ ಹೋಗುವುದು. ನಿಸ್ಸದ ಗ್ರೆಗೊರಿ ಮೋಶೆಯ ಬಾಳನ್ನು ಕುರಿತು ಬರೆಯುತ್ತ, ದೇವರಿಗೆ ಎಲ್ಲೆಯಿಲ್ಲದ್ದರಿಂದ ಅವನತ್ತ ಹೋಗುವ ಪಯಣಕ್ಕೂ ಕೊನೆಯಿಲ್ಲ, ತೃಪ್ತಿಯೇ ಮುಂದಿನ ಹಸಿವಾಗುತ್ತದೆ ಎಂಬ ವಿಚಾರವನ್ನು ಬೆಳೆಸಿದ. ಈಸ್ಟರ್ ರಾತ್ರಿ ಈ ಸಭೆಗಳಲ್ಲಿ ಜಾನ್ ಕ್ರಿಸೊಸ್ತೊಮನ ಹೆಸರಿನ ಪುಟ್ಟ ಪ್ರಸಂಗವೊಂದನ್ನು ಓದುತ್ತಾರೆ. ಉಪವಾಸ ಮಾಡಿದವರೂ ಮಾಡದವರೂ, ಬೆಳಗ್ಗೆ ಬಂದವರೂ ಸಂಜೆ ಐದಕ್ಕೆ ಬಂದವರೂ ಒಂದೇ ಔತಣಕ್ಕೆ ಕುಳಿತುಕೊಳ್ಳಿ ಎಂಬ ಕರೆ ಅದು. ದ್ರಾಕ್ಷಿತೋಟದ ಯಜಮಾನ ಅಲ್ಲಿ ವರ್ಷವರ್ಷವೂ ಬಾಗಿಲಲ್ಲಿ ನಿಂತು ಕರೆಯುತ್ತಾನೆ.

ಇಹದ ಫಲ, ಅದರ ದುರುಪಯೋಗ

ಯೋಹಾನನ ಸುವಾರ್ತೆಯಲ್ಲಿ ನಿತ್ಯಜೀವ ಸತ್ತ ಮೇಲೆ ಆರಂಭವಾಗುವುದಲ್ಲ. ದೇವರನ್ನು ಅರಿಯುವುದೇ ನಿತ್ಯಜೀವ, ಅದು ಈಗಲೇ. ಗಲಾತ್ಯದವರಿಗೆ ಪೌಲ ಬರೆದ ಪತ್ರಿಕೆಯಲ್ಲಿ ಪ್ರೀತಿ, ಸಂತೋಷ, ಸಮಾಧಾನದಿಂದ ಆರಂಭವಾಗುವ ಒಂಬತ್ತು ಗುಣಗಳಿಗೆ ಆತ್ಮದ ಫಲ ಎಂದೇ ಹೆಸರು. ಮನೆಮಠ ಬಿಟ್ಟು ಬಂದವರಿಗೆ ಈ ಲೋಕದಲ್ಲೇ ನೂರರಷ್ಟು ಸಿಗುತ್ತದೆಂದು ಮಾರ್ಕನ ಸುವಾರ್ತೆಯಲ್ಲಿ ಯೇಸು ಹೇಳುತ್ತಾನೆ, ಆದರೆ ಆ ಪಟ್ಟಿಯ ಕೊನೆಗೆ ಹಿಂಸೆಗಳನ್ನೂ ಸೇರಿಸುತ್ತಾನೆ.

ಆ ಕೊನೆಯ ಮಾತನ್ನು ಬಿಟ್ಟು ಉಳಿದದ್ದನ್ನಷ್ಟೇ ಸಾರುವ ಸಮೃದ್ಧಿಯ ಬೋಧನೆ ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಬೆಳೆದು ಆಫ್ರಿಕ, ಏಷ್ಯಗಳಿಗೂ ಹರಡಿತು. ಕಾಣಿಕೆ ಬೀಜದಂತೆ, ಬಿತ್ತಿದರೆ ಹಣವೂ ಆರೋಗ್ಯವೂ ಬೆಳೆಯುತ್ತದೆ ಎಂಬುದು ಅದರ ತಿರುಳು. ಕಾಯಿಲೆ ವಾಸಿಯಾಗದ ಬಡ ತಾಯಿಯೊಬ್ಬಳಿಗೆ ನಿನ್ನ ನಂಬಿಕೆ ಸಾಲದು ಎಂದು ಹೇಳಿ ಕಳುಹಿಸುವ ಬೋಧನೆ ಇದು. ಯೋಬನ ಗೆಳೆಯರು ಮಾಡಿದ್ದೂ ಅದನ್ನೇ, ಅವರನ್ನು ದೇವರೇ ಗದರಿಸಿದನೆಂದು ಅದೇ ಗ್ರಂಥ ಹೇಳುತ್ತದೆ. 2010ರ ಲೌಸಾನ್ ಸಮ್ಮೇಳನದ ಕೇಪ್‌ಟೌನ್ ಹೇಳಿಕೆ ಈ ಬೋಧನೆಯನ್ನು ಸುವಾರ್ತಾಬೋಧಕರ ವಲಯದೊಳಗಿಂದಲೇ ಖಂಡಿಸಿತು.

ಫಲಕ್ಕಾಗಿ ಮಾಡುವ ಒಳಿತು ಒಳಿತಾದೀತೇ ಎಂಬ ಆಕ್ಷೇಪ ಕಾಂಟ್‌ನಂಥ ತತ್ತ್ವಜ್ಞಾನಿಗಳ ನಂತರ ಬಲವಾಯಿತು. ಕ್ಲೇರ್ವೋದ ಬರ್ನಾರ್ಡ್ ಹನ್ನೆರಡನೆಯ ಶತಮಾನದಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದ: ಪ್ರೀತಿ ಫಲವನ್ನು ಹುಡುಕುವುದಿಲ್ಲ, ಆದರೆ ಫಲವಿಲ್ಲದೆ ಉಳಿಯುವುದೂ ಇಲ್ಲ. 1941ರ ಜೂನ್ 8ರಂದು ಆಕ್ಸ್‌ಫರ್ಡಿನ ಸೇಂಟ್ ಮೇರಿ ಚರ್ಚಿನಲ್ಲಿ ಸಿ. ಎಸ್. ಲೂಯಿಸ್ ಕೊಟ್ಟ ಪ್ರಸಂಗ ಇದನ್ನೇ ಸರಳಗೊಳಿಸಿತು. ಹಣಕ್ಕಾಗಿ ಮದುವೆಯಾದವನನ್ನು ದುರಾಸೆಯವನೆನ್ನುತ್ತೇವೆ, ಏಕೆಂದರೆ ಹಣ ಪ್ರೀತಿಯ ಸಹಜ ಫಲವಲ್ಲ. ಪ್ರೀತಿಸಿದವಳನ್ನೇ ಮದುವೆಯಾಗಬೇಕೆನ್ನುವವನನ್ನು ಯಾರೂ ಹಾಗೆನ್ನುವುದಿಲ್ಲ.

ಕನ್ನಡದಲ್ಲಿ

ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ ಪೂರ್ಣ ಬೈಬಲ್ 1831ರಲ್ಲಿ ಕನ್ನಡಕ್ಕೆ ಬಂತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಈ ಭಾಷೆಯನ್ನು ಇನ್ನಷ್ಟು ತಿದ್ದಿದರು. ನಿಘಂಟುಕಾರ ಕಿಟೆಲ್ ಕ್ರಿಸ್ತಚರಿತೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಹೇಳಲು ಯತ್ನಿಸಿದ್ದು 1862ರಲ್ಲಿ. ಅನುವಾದಕರ ಮುಂದೆ ಪುಣ್ಯ, ಮೋಕ್ಷ, ಕರ್ಮಫಲ ಎಂಬ ಪದಗಳು ಸಿದ್ಧವಾಗಿದ್ದವು, ಪ್ರತಿಯೊಂದಕ್ಕೂ ತನ್ನದೇ ಆದ ಅರ್ಥಸಂಸಾರವಿತ್ತು. ಕರ್ಮಫಲ ಜನ್ಮಜನ್ಮಾಂತರಗಳಲ್ಲಿ ತಾನಾಗಿ ಮಾಗುವ ಹಣ್ಣು. ಕ್ರೈಸ್ತರ ಪ್ರತಿಫಲ ಒಂದೇ ಬಾಳಿನ ಕೊನೆಗೆ ಒಬ್ಬನ ಕೈಯಿಂದ ಬರುವುದು. ಪ್ರೊಟೆಸ್ಟಂಟರ ಹಳೆಯ ಅನುವಾದ ಪರಲೋಕ ಎಂದಲ್ಲಿ ಕಥೋಲಿಕರು ಸ್ವರ್ಗ ಎನ್ನುತ್ತಾರೆ, ಅವರು ಧನ್ಯರು ಎಂದಲ್ಲಿ ಇವರು ಭಾಗ್ಯವಂತರು ಎನ್ನುತ್ತಾರೆ.

ಕನ್ನಡ ಕ್ರೈಸ್ತರ ಮನೆಯಲ್ಲಿ ಹಿರಿಯರು ತೀರಿಕೊಂಡರೆ ಕರ್ತನಲ್ಲಿ ನಿದ್ರೆಹೋದರು ಎನ್ನುವುದು ರೂಢಿ. ನವೆಂಬರ್ 1 ಸಕಲ ಸಂತರ ಹಬ್ಬ, ಮರುದಿನ ಸಕಲ ಮೃತರ ಸ್ಮರಣೆ. ಆ ಸಂಜೆ ಕಥೋಲಿಕ ಸಮಾಧಿಭೂಮಿಗಳಲ್ಲಿ ಮನೆಮಂದಿಯೆಲ್ಲ ಬಂದು ಸಮಾಧಿಯ ಹುಲ್ಲು ಕಿತ್ತು, ಕಲ್ಲು ತೊಳೆದು, ಸೇವಂತಿಗೆ ಹರಡಿ, ತಲೆಯ ಕಡೆಗೊಂದು ಮೇಣದ ಬತ್ತಿ ಹಚ್ಚುತ್ತಾರೆ. ಯಾರೂ ಬಾರದ ಹಳೆಯ ಸಮಾಧಿ ಪಕ್ಕದಲ್ಲಿದ್ದರೆ ಅದರ ಮೇಲೂ ಒಂದು ಬತ್ತಿ ಇಟ್ಟು ಹೋಗುವವರಿದ್ದಾರೆ.